ಸೆರೆಯಲ್ಲಿ ಗೆದ್ದ ಕಾಳು

ಕನಕದಾಸರ ‘ರಾಮಧಾನ್ಯ ಚರಿತೆ’ಯ ಲೋಕದಲ್ಲಿ ಕಾಳುಗಳು ಮಾತಾಡುತ್ತವೆ, ಅವಮಾನಕ್ಕೆ ಕುದಿಯುತ್ತವೆ, ಒಂದರ ಕುಲವನ್ನು ಇನ್ನೊಂದು ಕೆದಕುತ್ತವೆ. ಲಂಕೆಯಿಂದ ಮರಳುವ ದಾರಿಯಲ್ಲಿ ರಾಮ ಋಷಿಗಳ ಆಶ್ರಮದಲ್ಲಿ ತಂಗುತ್ತಾನೆ. ಅಲ್ಲಿ ಧಾನ್ಯಗಳಲ್ಲೆಲ್ಲ ಯಾವುದು ಹೆಚ್ಚು ಎಂಬ ಮಾತು ಏಳುತ್ತದೆ. ಗೌತಮ ಮುನಿ ನರೆದಲೆಗದ, ಅಂದರೆ ರಾಗಿಯ, ಹೆಸರು ಹೇಳಿದ್ದೇ ತಡ, ಭತ್ತಕ್ಕೆ ಸಿಟ್ಟು ನೆತ್ತಿಗೇರುತ್ತದೆ. ದೇವರ ನೈವೇದ್ಯಕ್ಕೆ, ಬ್ರಾಹ್ಮಣರ ಊಟಕ್ಕೆ, ಶುಭಕಾರ್ಯಕ್ಕೆ ಸಲ್ಲುವ ತನ್ನೆದುರು ಶೂದ್ರರ ಹೊಟ್ಟೆ ತುಂಬಿಸುವ ಈ ಕಾಳು ಎಷ್ಟರದು ಎಂದು ಅದು ಹೀಯಾಳಿಸುತ್ತದೆ. ಮಳೆ ಕೈಕೊಟ್ಟ ವರ್ಷ ನೀನೆಲ್ಲಿರುತ್ತೀಯೆ, ನೀನು ಉಳ್ಳವರ ಪಾಲಿನವನು ಎಂದು ರಾಗಿ ತಿರುಗಿಬೀಳುತ್ತದೆ. ಜಗಳ ತೀರುವುದಿಲ್ಲ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರತೆಗೆದಾಗ ಭತ್ತ ಕಳೆಗುಂದಿದೆ, ರಾಗಿ ಹೋದಂತೆಯೇ ಬಂದಿದೆ. ರಾಮ ತನ್ನ ರಾಘವ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಈ ಕಾವ್ಯವನ್ನು ಕುಲದ ಅಹಂಕಾರದ ವಿಡಂಬನೆಯಾಗಿ ಓದುವುದು ರೂಢಿ. ಆ ಓದು ಸರಿಯೂ ಹೌದು. ಆದರೆ ಅದು ಒಂದು ಪ್ರಶ್ನೆಯನ್ನು ಮುಟ್ಟದೆ ಬಿಡುತ್ತದೆ: ತೀರ್ಪಿಗೆ ಸೆರೆಮನೆಯೇ ಏಕೆ ಬೇಕಾಯಿತು? ಕವಿಗೆ ಬೇರೆ ದಾರಿಗಳಿದ್ದವು. ಎರಡನ್ನೂ ಬೇಯಿಸಿ ಬಡಿಸಿ ರುಚಿ ನೋಡಿಸಬಹುದಿತ್ತು. ಉಂಡವರ ತೋಳ್ಬಲ ಪರೀಕ್ಷಿಸಬಹುದಿತ್ತು. ದೇವತೆಗಳಿದ್ದರು, ಋಷಿಗಳಿದ್ದರು, ಅವರ ಮಾತಿನಲ್ಲೇ ತೀರ್ಮಾನ ಹೇಳಿಸಬಹುದಿತ್ತು. ಕನಕದಾಸರು ಇವೆಲ್ಲವನ್ನೂ ಬಿಟ್ಟು ಬಾಳಿಕೆಯ ಪರೀಕ್ಷೆಯನ್ನು ಆರಿಸಿದರು. ಕಾಳನ್ನು ಮುಚ್ಚಿದ ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇಟ್ಟು ತೆಗೆದು ನೋಡುವುದು ಋಷಿಗಳ ಯೋಚನೆಯಂತೆ ಕಾಣುವುದಿಲ್ಲ, ಒಕ್ಕಲಿನವರ ಯೋಚನೆಯಂತೆ ಕಾಣುತ್ತದೆ. ಕನ್ನಡ ನಾಡಿನ ಬೆದ್ದಲು ಸೀಮೆಯ ರೈತರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷವರ್ಷವೂ ಮಾಡುತ್ತಿದ್ದದ್ದು ಇದನ್ನೇ. ರಾಗಿ ಮುದ್ದೆಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಮಡಕೆಯಿಂದ ಶುರುಮಾಡುತ್ತಾರೆ, ಇಲ್ಲವೇ ಬಡತನದಿಂದ. ಅದನ್ನು ಹಗೇವಿನಿಂದ ಶುರುಮಾಡಬೇಕು ಎಂಬುದು ನನ್ನ ವಾದ. ಮುದ್ದೆಯ ಸುತ್ತ ಬೆಳೆದ ಆಚಾರಗಳಲ್ಲಿ ಉಣ್ಣುವುದಕ್ಕೆ ಸಂಬಂಧಪಟ್ಟವು ಕೆಲವೇ. ಹೆಚ್ಚಿನವು ಕೂಡಿಡುವುದಕ್ಕೆ, ಹಂಚುವುದಕ್ಕೆ, ಬಾರದ ಮಳೆಗೆ ಮೊದಲೇ ಸಿದ್ಧವಾಗುವುದಕ್ಕೆ ಸಂಬಂಧಪಟ್ಟವು.

ರಾಗಿ ಈ ಮಣ್ಣಿನಲ್ಲೇ ಹುಟ್ಟಿದ ಬೆಳೆಯಲ್ಲ. ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ, ಇಂದಿನ ಇಥಿಯೋಪಿಯ, ಉಗಾಂಡದ ಸುತ್ತಮುತ್ತ, ಕಾಡುಹುಲ್ಲೊಂದನ್ನು ಪಳಗಿಸಿ ಬಂದ ಧಾನ್ಯ ಅದು. ಇಲ್ಲಿಗೆ ಯಾವಾಗ ಬಂತೆಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ನಡೆದ ಉತ್ಖನನದಲ್ಲಿ ಬಹಳ ಹಳೆಯ ರಾಗಿ ಸಿಕ್ಕಿತೆಂದು ಮೊದಲು ಹೇಳಲಾಗಿತ್ತು. ಸುಟ್ಟು ಕರಕಾದ ಸಣ್ಣ ಕಾಳುಗಳು ಒಂದನ್ನೊಂದು ಹೋಲುವುದರಿಂದ ಆ ಗುರುತನ್ನು ನಂತರದ ಸಸ್ಯಪುರಾತತ್ವಜ್ಞರು ಪ್ರಶ್ನಿಸಿದ್ದಾರೆ. ಬಂದ ಕಾಲ ಯಾವುದೇ ಇರಲಿ, ಅದರ ಜೊತೆಗೆ ಬಂದ ಗುಣ ಒಂದೇ. ಕಾಳು ಸಾಸಿವೆಯಷ್ಟು ಸಣ್ಣದು, ಸಿಪ್ಪೆ ಗಟ್ಟಿ, ಆ ಸಿಪ್ಪೆಯಲ್ಲಿ ಒಗರು ಪದಾರ್ಥಗಳು ಹೆಚ್ಚು. ಅಕ್ಕಿ, ಗೋಧಿ, ಜೋಳವನ್ನು ಕೊರೆದು ಒಳಗೆ ಮೊಟ್ಟೆಯಿಡುವ ನುಸಿಗೆ ರಾಗಿಕಾಳಿನಲ್ಲಿ ಮನೆ ಮಾಡಿಕೊಳ್ಳುವಷ್ಟು ಜಾಗವೇ ಇಲ್ಲ. ರಾಶಿ ಹಾಕಿದರೆ ಕಾಳಿಗೆ ಕಾಳು ಒತ್ತಿಕೊಂಡು ಕೂರುವುದರಿಂದ ನಡುವೆ ಗಾಳಿಯೂ ಕಡಿಮೆ. ಆಫ್ರಿಕದಲ್ಲಿಯೂ ಇದು ಬರಗಾಲಕ್ಕೆಂದು ಎತ್ತಿಡುವ ಧಾನ್ಯವಾಗಿಯೇ ಹೆಸರಾದದ್ದು.

ಹಗೇವು ಈ ಗುಣಕ್ಕೆ ತಕ್ಕಂತೆ ರೂಪುಗೊಂಡ ಕಣಜ. ನೀರು ನಿಲ್ಲದ ಗಟ್ಟಿ ಗೊರಚಲು ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಅಗೆದ ಗುಂಡಿ. ತಳಕ್ಕೂ ಬದಿಗೂ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಇದ್ದ ಗಾಳಿಯನ್ನು ಮುಗಿಸುತ್ತದೆ. ಆ ಮೇಲೆ ಹುಳುವೂ ಬದುಕದು, ಬೂಷ್ಟೂ ಬೆಳೆಯದು. ಅದೇ ಕಾರಣಕ್ಕೆ ಮನುಷ್ಯನೂ ಬದುಕಲಾರ. ತೆಗೆದ ಕೂಡಲೇ ಹಗೇವಿಗೆ ಇಳಿದು ಉಸಿರುಕಟ್ಟಿ ಸತ್ತವರಿದ್ದಾರೆ. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ಒಳಗೆ ದೀಪ ಇಳಿಬಿಟ್ಟು ಅದು ಉರಿಯುತ್ತದೆಯೇ ನೋಡಿ, ಆಮೇಲೆ ಆಳು ಇಳಿಯಬೇಕೆಂಬ ಕಟ್ಟಳೆ ಹುಟ್ಟಿದ್ದು ಹಾಗೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಈ ನೆಲಗಣಜಗಳನ್ನು ಗಮನಿಸಿ ಬರೆದಿದ್ದಾನೆ. ಬೆದ್ದಲಿನ ಬೆಳೆಗಳಲ್ಲಿ ರಾಗಿಯೇ ಮುಖ್ಯ, ದುಡಿಯುವ ಜನರ ನಿತ್ಯದ ಆಹಾರ ಅದೇ, ಅದಕ್ಕಿಂತ ಬಲಕೊಡುವ ಆಹಾರ ಬೇರಿಲ್ಲವೆಂದು ಅವರು ನಂಬಿದ್ದಾರೆ ಎನ್ನುತ್ತಾನೆ. ಕೊನೆಯ ಮಾತು ಗಮನಾರ್ಹ. ಅವನು ಮಾತಾಡಿಸಿದ ಜನ ರಾಗಿಯನ್ನು ಅಕ್ಕಿ ಸಿಗದ್ದಕ್ಕೆ ತಿನ್ನುತ್ತಿದ್ದೇವೆ ಎನ್ನಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಹಗೇವು ರಾಗಿಯೊಂದರದಲ್ಲ. ಬಯಲುಸೀಮೆಯಲ್ಲಿ ಜೋಳವನ್ನೂ ಹಗೆಯಲ್ಲಿಡುತ್ತಿದ್ದರು. ಸ್ವತಃ ಕನಕದಾಸರ ಬಾಡ, ಕಾಗಿನೆಲೆಗಳ ಸೀಮೆ ಇಂದು ರೊಟ್ಟಿಯ ಸೀಮೆ. ಭತ್ತವನ್ನೂ ಸಿಪ್ಪೆಸಹಿತ ಕಣಜದಲ್ಲಿಟ್ಟರೆ ಒಂದೆರಡು ವರ್ಷ ನಿಲ್ಲುತ್ತದೆ. ಹಾಗಿದ್ದ ಮೇಲೆ ಬಾಳಿಕೆಯೇ ರಾಗಿಯ ವಿಶೇಷ ಎನ್ನುವುದು ಹೇಗೆ? ಜೋಳದ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಬೇಕು: ಹಗೆಯಿಂದ ಮುದ್ದೆಯೇ ಹುಟ್ಟಬೇಕೆಂಬ ನಿಯಮವಿಲ್ಲ, ರೊಟ್ಟಿಯೂ ಹುಟ್ಟಬಹುದು. ಎರಡೂ ಮಳೆಯನ್ನೇ ನಂಬಿದ ನೆಲದ ಊಟಗಳು. ಮಾಡುವ ಬಗೆ ಬೇರೆ, ಹಿಂದಿನ ಲೆಕ್ಕಾಚಾರ ಒಂದೇ. ಭತ್ತದ ವಿಷಯ ಹಾಗಲ್ಲ. ಅದು ಹೆಚ್ಚು ದಿನ ಉಳಿಯುತ್ತಿರಲಿಲ್ಲ ಎನ್ನುವುದಕ್ಕಿಂತ ಬೆಳೆದವನ ಮನೆಯಲ್ಲಿ ಉಳಿಯಲು ಅದನ್ನು ಬಿಡುತ್ತಿರಲಿಲ್ಲ ಎನ್ನುವುದು ಮುಖ್ಯ. ತರಿಯಲ್ಲಿ, ಅಂದರೆ ಕೆರೆ ಕಾಲುವೆಯ ಕೆಳಗಿನ ಗದ್ದೆಯಲ್ಲಿ, ಬೆಳೆಯನ್ನೇ ಪಾಲು ಮಾಡಿ ಸರ್ಕಾರದ ಭಾಗವನ್ನು ಕಣದಿಂದ ಹೊರಿಸಿಕೊಂಡು ಹೋಗುವ ಪದ್ಧತಿ ಹತ್ತೊಂಬತ್ತನೇ ಶತಮಾನದವರೆಗೂ ಮೈಸೂರಿನಲ್ಲಿ ವ್ಯಾಪಕವಾಗಿತ್ತು. ದೇವಸ್ಥಾನದ ಪಾಲು, ಅಗ್ರಹಾರದ ಪಾಲು ಬೇರೆ. ಖುಷ್ಕಿ ಹೊಲಕ್ಕೆ ಬಹುಮಟ್ಟಿಗೆ ಹಣದ ಕಂದಾಯ. ಹಣ ಹೊಂದಿಸಲು ರೈತ ಒಂದಿಷ್ಟು ರಾಗಿ ಮಾರಲೇಬೇಕಿತ್ತು, ನಿಜ. ಆದರೂ ಕಾಳಿನ ರಾಶಿ ಅವನ ಕೈಯಲ್ಲೇ ಇರುತ್ತಿತ್ತು, ಯಾವಾಗ ಎಷ್ಟು ಮಾರಬೇಕೆಂಬ ಮಾತು ಸ್ವಲ್ಪಮಟ್ಟಿಗಾದರೂ ಅವನದಾಗಿತ್ತು. ಭತ್ತ ಉಳ್ಳವರ ಪಾಲಿನದು ಎಂದು ನರೆದಲೆಗ ಆಡುವ ಮಾತು ಬೈಗುಳದಂತೆ ಕೇಳಿಸಿದರೂ ಅದರಲ್ಲಿ ಕಂದಾಯದ ಲೆಕ್ಕವಿದೆ.

ಇತಿಹಾಸಕಾರರಿಗೆ ರಾಗಿ ಸರಿಯಾಗಿ ಕಾಣದಿರುವುದಕ್ಕೂ ಇದೇ ಕಾರಣ. ನಮ್ಮ ಶಾಸನಗಳು ದಾನಗಳ ದಾಖಲೆಗಳು. ದಾನಕ್ಕೆ ಯೋಗ್ಯವೆನಿಸಿದ್ದು ಗದ್ದೆ, ನೈವೇದ್ಯಕ್ಕೆ ಸಲ್ಲುತ್ತಿದ್ದದ್ದು ಅಕ್ಕಿ. ಕೆರೆ ಕಟ್ಟಿಸಿದ್ದು, ಬೀಜವರಿಯ ಲೆಕ್ಕದಲ್ಲಿ ಗದ್ದೆ ಬಿಟ್ಟದ್ದು, ಅಮೃತಪಡಿಗೆ ಅಕ್ಕಿ ನಿಗದಿಯಾದದ್ದು ಕಲ್ಲಿನ ಮೇಲೆ ನಿಂತಿವೆ. ಯಾರ ಹಗೇವಿನಲ್ಲಿ ಎಷ್ಟು ಖಂಡುಗ ರಾಗಿ ಇತ್ತೆಂದು ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ. ಕೊರೆಸುವುದು ಜಾಣತನವೂ ಆಗಿರಲಿಲ್ಲ. ಹಗೇವಿನ ಇನ್ನೊಂದು ಉಪಯೋಗವೇ ಅದು ಕಣ್ಣಿಗೆ ಬೀಳದಿರುವುದು; ದಂಡು ಬಂದರೆ ಮನೆಯ ಮೇಲಿನ ಕಣಜ ಮೊದಲು ಬರಿದಾಗುತ್ತದೆ, ನೆಲದೊಳಗಿನದನ್ನು ಹುಡುಕಬೇಕಾಗುತ್ತದೆ. ಹದಿನೆಂಟನೇ ಶತಮಾನದ ಕೊನೆಯ ಮೂರು ದಶಕಗಳಲ್ಲಿ ಮರಾಠರ, ಇಂಗ್ಲಿಷರ, ಸ್ವಂತ ದೊರೆಗಳ ಸೈನ್ಯಗಳು ಎಷ್ಟು ಸಲ ಈ ಸೀಮೆಯ ಮೇಲೆ ಹಾದುಹೋದವೆಂದು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಆದ್ದರಿಂದ ಶಾಸನಗಳನ್ನಷ್ಟೇ ಓದಿ ‘ಹಿಂದೆ ಕನ್ನಡಿಗರ ಮುಖ್ಯ ಆಹಾರ ಅಕ್ಕಿ’ ಎನ್ನುವವರು ದೇವರ ಊಟದಿಂದ ಜನರ ಊಟವನ್ನು ಊಹಿಸುತ್ತಿದ್ದಾರೆ.

ಕೂಡಿಡುವ ಯೋಚನೆ ಹಗೇವಿಗಿಂತ ಬಹಳ ಮೊದಲು, ಬಿತ್ತನೆಯ ಹೊತ್ತಿಗೇ ಶುರುವಾಗುತ್ತದೆ. ರಾಗಿ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುವುದು ಹಳೆಯ ಪದ್ಧತಿಯಲ್ಲ. ಕೆಲವು ಸಾಲುಗಳಿಗೊಂದು ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಹರಳು, ಜೋಳ ಹಾಕುತ್ತಿದ್ದರು. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ ಇದ್ದದ್ದನ್ನು ಬುಕನನ್ನನೂ ಬರೆದಿದ್ದಾನೆ. ಮುಂಗಾರು ಕೈಕೊಟ್ಟು ರಾಗಿ ಒಣಗಿದರೂ ತೊಗರಿಯ ಬೇರು ಆಳಕ್ಕಿಳಿದಿರುತ್ತದೆ; ಅವರೆ ಸೋನೆಗೂ ಇಬ್ಬನಿಗೂ ಹೂಬಿಡುತ್ತದೆ. ಒಂದೇ ಹೊಲದಲ್ಲಿ ಬೇರೆಬೇರೆ ಹದದ ಮಳೆಗಳಿಗೆ ಬೇರೆಬೇರೆ ಬೆಳೆಗಳನ್ನು ಕಾವಲಿಟ್ಟ ಹಾಗೆ. ಮುದ್ದೆಯ ಜೊತೆಗಿನ ಸಾರುಗಳ ಪಟ್ಟಿ ನೋಡಿದರೆ ಈ ಅಕ್ಕಡಿ ಸಾಲೇ ಎದ್ದು ಬಂದು ಗಂಗಳದಲ್ಲಿ ಕೂತಂತಿದೆ: ಅವರೆಕಾಳಿನ ಸಾರು, ತೊಗರಿಯ ಬಸ್ಸಾರು, ಕಳೆ ಕೀಳುವಾಗ ಹೊಲದಲ್ಲೇ ಸಿಗುವ ಬೆರಕೆ ಸೊಪ್ಪಿನ ಮಸ್ಸೊಪ್ಪು. ಹುರುಳಿ ಸಾರು ಪಕ್ಕದ ಬಡವಾದ ಹೊಲದ್ದು. ಏನೂ ಇಲ್ಲದ ದಿನಕ್ಕೆ ಉಪ್ಪುಸಾರು. ಮುದ್ದೆಗೆ ಇದೇ ಹೊಂದುತ್ತದೆ ಎಂದು ಈಗ ರುಚಿಯ ಮಾತಾಗಿ ಹೇಳುವುದೆಲ್ಲ ಮೊದಲು ಒಂದೇ ಹೊಲದ ಬೆಳೆಗಳ ನಂಟು.

ಕೊಯ್ದ ಮೇಲೂ ಅವಸರವಿಲ್ಲ. ಕಾರ್ತಿಕ, ಮಾರ್ಗಶಿರದಲ್ಲಿ ಕೊಯ್ದ ರಾಗಿಯನ್ನು ತೆನೆಸಹಿತ ಮೆದೆ ಹಾಕಿ ಕೆಲವು ವಾರ ಬಿಟ್ಟು, ಬಿಡುವಾದಾಗ ಕಣದಲ್ಲಿ ಗುಂಡು ಹೊಡೆದು ಒಕ್ಕುತ್ತಿದ್ದರು. ಮೆದೆಯೇ ಒಂದು ಸಣ್ಣ ಕಣಜ. ಕಣದ ಆಚಾರಗಳಲ್ಲಿ ಅಳತೆಯ ಆಚಾರ ನನ್ನ ವಾದಕ್ಕೆ ಮುಖ್ಯ. ಕಣ ಸಾರಿಸಿ, ಮೇಟಿ ನೆಟ್ಟು, ತೂರಿ ಮಾಡಿದ ರಾಶಿಯ ಮೇಲೆ ಸಗಣಿಯ ಬೆನವನನ್ನು ಗರಿಕೆ ಸಿಕ್ಕಿಸಿ ಕೂರಿಸಿ ಪೂಜೆ ಮಾಡಿದ ಮೇಲೆ ಕೊಳಗ ಹಿಡಿಯುತ್ತಿದ್ದರು. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ಇಂದಿಗೂ ಹಿರಿಯರಿಗೆ ಗೊತ್ತಿರುವ ರೂಢಿ. ಮನೆಗೆ ಒಯ್ಯುವ ಮೊದಲೇ ರಾಶಿಯಿಂದ ಆಯಗಾರರ ಪಾಲು ಎತ್ತಬೇಕಿತ್ತು: ನೇಗಿಲು ಕೆತ್ತಿದ ಬಡಗಿಗೆ, ಕುಳ ತಟ್ಟಿದ ಕಮ್ಮಾರನಿಗೆ, ಅಗಸನಿಗೆ, ಕ್ಷೌರಿಕನಿಗೆ, ತಳವಾರ ತೋಟಿಯರಿಗೆ. ವರ್ಷವಿಡೀ ಮಾಡಿದ ಕೆಲಸಕ್ಕೆ ವರ್ಷಕ್ಕೊಮ್ಮೆ ಸಿಗುವ ಕೂಲಿ ಇದು. ಹೊಲವಿಲ್ಲದ ಬಡಗಿಯ ಮನೆಯಲ್ಲೂ ರಾಗಿ ಇರುತ್ತಿದ್ದದ್ದು ಹೀಗೆ. ವರ್ಷಕ್ಕೊಮ್ಮೆ ಕೂಲಿ ಕೊಡುವ ಇಂಥ ಏರ್ಪಾಡು ನಡೆಯಬೇಕಾದರೆ ಆ ಕೂಲಿ ವರ್ಷವಿಡೀ ಕೆಡದೆ ಉಳಿಯುವಂಥದ್ದಾಗಿರಬೇಕು.

ಬಾಳಿಕೆಗೆ ಒಂದು ಬೆಲೆಯಿತ್ತು, ಅದನ್ನು ತೆತ್ತವರು ಹೆಂಗಸರು. ರಾಗಿ ಕಾಳಾಗಿರುವವರೆಗೆ ವರ್ಷಗಟ್ಟಲೆ ಇರುತ್ತದೆ. ಹಿಟ್ಟಾದ ಮೇಲೆ ಆ ಬಾಳಿಕೆ ಇಲ್ಲ. ಆದ್ದರಿಂದ ಬೇಕಾದಷ್ಟನ್ನೇ, ಬೇಕಾದಾಗಲೇ ಬೀಸಬೇಕು. ದೊಡ್ಡ ಸಂಸಾರವೆಂದರೆ ಕೋಳಿ ಕೂಗುವ ಮೊದಲೇ ರಾಗಿಕಲ್ಲಿನ ಮುಂದೆ ಕೂರುವುದು. ಜಾನಪದ ಸಂಗ್ರಹಕಾರರಿಗೆ ಅಷ್ಟು ಸಮೃದ್ಧವಾಗಿ ಸಿಕ್ಕ ಬೀಸುವ ಪದಗಳು ಈ ದುಡಿಮೆಯ ಉಪಫಲ. ಅವುಗಳ ಸೊಬಗನ್ನು ಹೊಗಳುವಾಗ ಎಷ್ಟು ಹೊತ್ತು ಬೀಸಿದರೆ ಅಷ್ಟು ಉದ್ದದ ಹಾಡು ಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಹಿಟ್ಟಿನ ಗಿರಣಿ ಹಳ್ಳಿಗೆ ಬಂದಾಗ ಬೀಸುವ ಪದ ನಿಂತುಹೋಯಿತೆಂದು ಮರುಗಿದವರಲ್ಲಿ ರಾಗಿಕಲ್ಲು ತಿರುಗಿಸಿದ ಹೆಂಗಸರು ಎಷ್ಟು ಮಂದಿ ಇದ್ದರೆಂಬುದು ನನಗೆ ಅನುಮಾನ. ಅಡುಗೆಯ ಸಂಗತಿ ಇದಕ್ಕೆ ಸ್ವಲ್ಪ ಪರಿಹಾರ ಕೊಡುತ್ತದೆ. ರಾಗಿ ಹಿಟ್ಟಿಗೆ ಗೋಧಿಯಂಥ ಜಿಗುಟಿಲ್ಲ, ಲಟ್ಟಿಸಲು ಬರುವುದಿಲ್ಲ. ಒಂದೊಂದೇ ರೊಟ್ಟಿ ತಟ್ಟಿ ಬೇಯಿಸಬೇಕೆಂದರೆ ಹತ್ತಾಳಿಗೆ ಗಂಟೆಗಟ್ಟಲೆ ಒಲೆ ಉರಿಯಬೇಕು. ಮುದ್ದೆಗೆ ಒಂದೇ ಮಡಕೆ, ಒಂದೇ ಎಸರು. ಕುದಿಯುವ ನೀರಿಗೆ ಮೊದಲು ಒಂದಿಷ್ಟು ಹಿಟ್ಟು ಕದಡಿ ಬಿಟ್ಟು, ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ ಬೇಯಲು ಬಿಟ್ಟು, ಬೆಂದ ಮೇಲೆ ಮಡಕೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು ಗಂಟಿಲ್ಲದಂತೆ ತೊಳಸಿ, ನೀರು ಸವರಿದ ಹಲಗೆಯ ಮೇಲೆ ಉಂಡೆ ಕಟ್ಟಿದರೆ ಮನೆಯವರಿಗೂ ಆಳುಗಳಿಗೂ ಒಟ್ಟಿಗೇ ಬಡಿಸಬಹುದು. ಉಳಿದದ್ದು ಮಜ್ಜಿಗೆಯಲ್ಲಿ ಕಲಸಿ ಬೆಳಗಿನ ಅಂಬಲಿ.

ಉಣ್ಣುವ ಬಗೆಯಲ್ಲಿ ಹೊರಗಿನವರಿಗೆ ವಿಚಿತ್ರವಾಗಿ ಕಾಣುವುದು ಅಗಿಯದೆ ನುಂಗುವುದು. ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಇಳಿಸುವುದು. ಅಗಿದರೆ ಹಲ್ಲಿಗೆ ಅಂಟುತ್ತದೆ, ಅಷ್ಟೇ ಅದರ ಕಾರಣ. ಹಾಗೆ ನುಂಗಿದರೆ ನಿಧಾನವಾಗಿ ಜೀರ್ಣವಾಗಿ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ ಎಂಬ ವಿವರಣೆ ಜನರ ಬಾಯಲ್ಲಿದೆ. ಅದು ನಿಜವಿದ್ದರೂ ಪದ್ಧತಿ ಹುಟ್ಟಿದ್ದಕ್ಕೆ ಆ ವಿವರಣೆಯ ಅಗತ್ಯವಿಲ್ಲ. ಪಶ್ಚಿಮ ಉಗಾಂಡದಲ್ಲಿ ಇದೇ ರಾಗಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ಮರದ ಕೋಲಿನಿಂದ ತಿರುವಿ ಕರೋ ಎಂಬ ಗಟ್ಟಿ ಮುದ್ದೆ ಮಾಡುತ್ತಾರೆ, ಕೈಯಿಂದ ಮುರಿದು ಮಾಂಸದ ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಕಾಳಿನ ಜೊತೆ ಅಡುಗೆಯೂ ಕಡಲು ದಾಟಿ ಬಂತೆಂದು ಊಹಿಸುವ ಆಸೆಯಾಗುತ್ತದೆ. ಅದು ಬೇಕಿಲ್ಲ. ಜಿಗುಟಿಲ್ಲದ ಹಿಟ್ಟು, ಒಂದು ಮಡಕೆ, ತುಂಬಬೇಕಾದ ಹಲವು ಹೊಟ್ಟೆಗಳು ಇದ್ದ ಕಡೆಯಲ್ಲೆಲ್ಲ ಮುದ್ದೆ ತಾನೇ ಹುಟ್ಟಬಲ್ಲದು.

ಈಗ ದೊಡ್ಡ ಆಕ್ಷೇಪಕ್ಕೆ ಬರಬೇಕು. ಹಗೇವು ಅಷ್ಟು ಒಳ್ಳೆಯ ಕಾವಲಾಗಿದ್ದರೆ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಏಕೆ ಸತ್ತಿತು? 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದದ್ದು 1876–78ರ ಬರ. ಮುದ್ದೆಯ ನಾಡಿನಲ್ಲಿ, ಹಗೇವುಗಳ ನಾಡಿನಲ್ಲಿ, ಇಷ್ಟು ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಹೋದರು. ಇದನ್ನು ಪಕ್ಕಕ್ಕಿಟ್ಟು ರಾಗಿಯ ಹೊಗಳಿಕೆ ಬರೆಯುವುದು ಅಪ್ರಾಮಾಣಿಕ. ನನಗೆ ಕಾಣುವ ಉತ್ತರ ಎರಡು ಪಾಲಿನದು. ಮೊದಲನೆಯದು ಲೆಕ್ಕದ್ದು: ಹಗೇವು ಒಂದು ಕೆಟ್ಟ ವರ್ಷವನ್ನು ದಾಟಿಸುತ್ತದೆ, ಅದೃಷ್ಟವಿದ್ದರೆ ಎರಡನ್ನು. ಆಗ ಬಿತ್ತಿದ್ದು ಕೈಗೆ ಬಾರದ ವರ್ಷಗಳು ಒಂದರ ಹಿಂದೊಂದು ಬಂದವು. ತಿಂದು ಖಾಲಿಯಾದ ಗುಂಡಿಯನ್ನು ತುಂಬಲು ನಡುವೆ ಒಂದು ಒಳ್ಳೆಯ ಸುಗ್ಗಿ ಬೇಕು, ಅದು ಬರಲಿಲ್ಲ. ಎರಡನೆಯದು ಹೆಚ್ಚು ಕಹಿಯಾದದ್ದು: ಹಗೇವು ಎಲ್ಲರದಾಗಿರಲಿಲ್ಲ. ಗೌಡನ ಹಗೇವಿನಲ್ಲಿ ರಾಗಿ ಇದ್ದರೆ ಜೀತದಾಳಿನ ಪಾಲಿಗೆ ಇದ್ದದ್ದು ದಿನದ ಮುದ್ದೆಯಷ್ಟೇ. ಹೊಲದಲ್ಲಿ ಕೆಲಸವಿಲ್ಲವೆಂದರೆ ಅದೂ ಇಲ್ಲ. ಕಾಳನ್ನು ಸಾಲ ಕೊಟ್ಟು ಕಾಳಿನಲ್ಲೇ ಬಡ್ಡಿ ಎಳೆಯುವುದೂ ಇದೇ ಹಗೇವಿನ ವ್ಯವಹಾರ. ಬಾಳುವ ಧಾನ್ಯ ಕೂಡಿಟ್ಟವನ ಕೈಯಲ್ಲಿ ಅಧಿಕಾರವೂ ಆಗುತ್ತದೆ. ಭತ್ತದ ಎದುರು ರಾಗಿ ಶೂದ್ರರ ಪರ ನಿಲ್ಲುವ ಕನಕದಾಸರ ಲೋಕದಲ್ಲಿ ಈ ಎರಡನೇ ಜಗಳ, ರಾಗಿ ಇದ್ದವನಿಗೂ ಇಲ್ಲದವನಿಗೂ ನಡುವಿನದು, ಕೇಳಿಸುವುದಿಲ್ಲ.

ಹಾಗಾದರೆ ಮುದ್ದೆ ಹಿಂದೆ ಸರಿದದ್ದು ಹೇಗೆ? ಅಕ್ಕಿ ಹೆಚ್ಚು ರುಚಿ, ಕೈಗೆ ಸಿಕ್ಕಿದ ಕೂಡಲೇ ಜನ ಅದಕ್ಕೆ ತಿರುಗಿದರು ಎಂಬುದು ಸುಲಭದ ಉತ್ತರ. ಅನ್ನವನ್ನು ಹಬ್ಬದ ಊಟವೆಂದು ಬಗೆದ ಜನ ದಿನವೂ ಹಬ್ಬ ಬಯಸಿದ್ದು ಸಹಜ, ಆ ಅಂಶವನ್ನು ಅಲ್ಲಗಳೆಯಲಾಗದು. ಆದರೆ ಈ ಉತ್ತರಕ್ಕೆ ಮಂಡ್ಯ ಅಡ್ಡ ಬರುತ್ತದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮೂವತ್ತರ ದಶಕದ ಹೊತ್ತಿಗೆ ನಾಲೆ ಹರಿದು, ಬೆದ್ದಲು ಗದ್ದೆಯಾಗಿ, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂದ ಸೀಮೆ ಅದು. ಮನೆ ಮುಂದೆಯೇ ಭತ್ತ ಬೆಳೆಯುವ ಜನ ರುಚಿಯ ಕಾರಣಕ್ಕೆ ಮುದ್ದೆ ಬಿಡಬೇಕಿದ್ದರೆ ಮೊದಲು ಬಿಡಬೇಕಾದವರು ಇವರು. ಮುದ್ದೆಯೆಂದರೆ ಇಂದಿಗೂ ಮೊದಲು ನೆನಪಾಗುವುದು ಇವರೇ. ಮುದ್ದೆ ಹೆಚ್ಚು ಸೋತದ್ದು ಭತ್ತ ಬೆಳೆಯುವ ಕಡೆಯಲ್ಲಿ ಅಲ್ಲ, ಕೂಡಿಡುವ ಏರ್ಪಾಡು ಕಳಚಿದ ಕಡೆಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ರೈತರಿಂದ ಕಡ್ಡಾಯವಾಗಿ ಧಾನ್ಯ ವಸೂಲಿ ಮಾಡತೊಡಗಿದಾಗ ಹಗೇವು ಒಮ್ಮೆಲೇ ಅಕ್ರಮ ದಾಸ್ತಾನಿನ ಜಾಗವಾಯಿತು. ಆ ಕಾಲವನ್ನು ನೆನೆದವರ ಬಾಯಲ್ಲಿ ‘ಲೆವಿ’ ಎಂಬ ಮಾತು ಬಹಳ ದಿನ ಉಳಿಯಿತು. ಆಮೇಲೆ ನ್ಯಾಯಬೆಲೆ ಅಂಗಡಿ ಬಂತು, ತಿಂಗಳು ತಿಂಗಳು ಅಕ್ಕಿ ತಂತು. ಬರಗಾಲದಲ್ಲಿ ಜನ ಸಾಯದಂತೆ ನೋಡಿಕೊಳ್ಳುವ ಕೆಲಸವನ್ನು ಹಗೇವಿಗಿಂತ ಅದು ಎಷ್ಟೋ ಚೆನ್ನಾಗಿ ಮಾಡಿತು, ಹಗೇವಿಲ್ಲದವನಿಗೂ ಮಾಡಿತು. ಕಾವಲಿನ ಕೆಲಸ ಹೋದ ಮೇಲೆ ರಾಗಿಗೆ ಉಳಿದದ್ದು ರುಚಿ ಮತ್ತು ಅಭ್ಯಾಸ. ಆಯಗಾರರ ಪಾಲು ದುಡ್ಡಾಯಿತು, ಮೆದೆಯ ಜಾಗದಲ್ಲಿ ಒಕ್ಕುವ ಯಂತ್ರ ಬಂತು, ಕಣವಿಲ್ಲದವರು ಟಾರು ರಸ್ತೆಯ ಮೇಲೆ ತೆನೆ ಹರಡಿ ಬಸ್ಸು ಲಾರಿಗಳಿಂದ ಒಕ್ಕಿಸಿಕೊಂಡರು. ಅಕ್ಕಡಿ ಸಾಲು ಯಂತ್ರಕ್ಕೆ ಅಡ್ಡಿಯಾದದ್ದರಿಂದ ಅದೂ ಹೋಯಿತು.

ಬೆಳೆಯ ಮಟ್ಟಿಗೆ ಮಾತ್ರ ಇದು ಇಳಿಮುಖದ ಕಥೆಯಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ತೆಗೆದ ಇಂಡಾಫ್ ತಳಿಗಳು ಇಳುವರಿಯನ್ನು ಗಣನೀಯವಾಗಿ ಹೆಚ್ಚಿಸಿದವು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈಗಲೂ ಕರ್ನಾಟಕದ್ದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ರಾಗಿಗೆ ಹೊಗಳಿಕೆಯ ಕೊರತೆಯಿಲ್ಲ. ಆ ಹೊಗಳಿಕೆಯಲ್ಲಿ ಸುಣ್ಣದಂಶ ಬರುತ್ತದೆ, ನಾರು ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಬಾಳಿಕೆ ಬರುವುದು ಅಪರೂಪ. ಪೊಟ್ಟಣದ ಹಿಟ್ಟು ಕೊಂಡು ತಿನ್ನುವವರಿಗೆ ಅದರಿಂದ ಆಗಬೇಕಾದದ್ದೂ ಇಲ್ಲ. ಆಗಬೇಕಾದದ್ದು ಸರ್ಕಾರಕ್ಕೆ. ಬೆಂಬಲ ಬೆಲೆಗೆ ರಾಗಿ ಕೊಂಡು ಪಡಿತರದಲ್ಲಿ ಹಂಚುವ ಕೆಲಸಕ್ಕೆ ಕೇಂದ್ರದ ನಿಯಮಗಳು ಬಹುಕಾಲ ಕೊಟ್ಟಿದ್ದ ಅವಧಿ ಮೂರು ತಿಂಗಳು. ಒರಟು ಧಾನ್ಯಗಳೆಂದು ಒಟ್ಟಾಗಿ ಕರೆದು, ಬೇಗ ಕೆಡುವ ಕಾಳಿಗೂ ಕೆಡದ ಕಾಳಿಗೂ ಒಂದೇ ಗಡುವು ಹಾಕಿದ್ದರ ಫಲ ಅದು. ಅಷ್ಟರೊಳಗೆ ಹಂಚಿ ಮುಗಿಸಬೇಕೆಂದರೆ ಹೆಚ್ಚು ಕೊಳ್ಳುವ ಹಾಗಿರಲಿಲ್ಲ. ಸರ್ಕಾರ ಹೆಚ್ಚು ಕೊಳ್ಳದಿದ್ದರೆ ರೈತ ಸುಗ್ಗಿಯಲ್ಲೇ ದಲ್ಲಾಳಿ ಹೇಳಿದ ಬೆಲೆಗೆ ಮಾರಬೇಕು, ಏಕೆಂದರೆ ಕಾಯಲು ಅವನ ಬಳಿ ಹಗೇವಿಲ್ಲ. 2021ರ ಡಿಸೆಂಬರಿನಲ್ಲಿ ನಿಯಮ ತಿದ್ದಿ ಜೋಳಕ್ಕೆ ಆರು ತಿಂಗಳು, ರಾಗಿಗೆ ಏಳು ತಿಂಗಳು ಅವಕಾಶ ಕೊಟ್ಟರು.